ಮಗುಚಿ ನೋಡಿ ಕೊಳ್ಳಿ: ಆಮ್‌ಸ್ಟರ್‌ಡಾಮಿನ ಐ-ಹಾಲೆನ್ ಸಂತೆಗೆ ಹೋಗುವವರಿಗೆ ಒಂದು ಕೈಪಿಡಿ

ಕೆಲಸದ ಮೇಲೆ ಆಮ್‌ಸ್ಟರ್‌ಡಾಮಿಗೋ ಪಕ್ಕದ ಆಮ್‌ಸ್ಟೆಲ್‌ವೇನ್‌ಗೋ ಬಂದು ಸಂಸಾರ ಹೂಡುವ ಕನ್ನಡದವರಿಗೆ ಮೊದಲ ತಿಂಗಳಲ್ಲೇ ಒಂದು ಸಂಗತಿ ಅರಿವಾಗುತ್ತದೆ. ಇಲ್ಲಿ ಬಾಡಿಗೆಗೆ ಸಿಗುವ ಬರಿಯ ಮನೆ ನಿಜಕ್ಕೂ ಬರಿದಾಗಿಯೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ನೆಲಹಾಸು ಕೂಡ ಇರುವುದಿಲ್ಲ, ದೀಪದ ಜಾಗದಲ್ಲಿ ಎರಡು ತಂತಿ ಜೋತಾಡುತ್ತಿರುತ್ತವೆ. ಎಲ್ಲವನ್ನೂ ಹೊಸದಾಗಿ ಕೊಳ್ಳಲು ಹೊರಟರೆ ಒಂದು ಸಂಬಳ ಕರಗುತ್ತದೆ. ಆಗ ನೆನಪಿಗೆ ಬರಬೇಕಾದದ್ದು ಬಂದರಿನ ಉತ್ತರ ದಡದಲ್ಲಿ, ಹಳೆಯ ಹಡಗು ಕಟ್ಟುವ ಅಂಗಳದಲ್ಲಿ ನಡೆಯುವ ಐ-ಹಾಲೆನ್ ಎಂಬ ಹಳೇ ಸಾಮಾನಿನ ಸಂತೆ. ಒಂಬತ್ತು ಚಳಿಗಾಲ ಅಲ್ಲಿ ಓಡಾಡಿ, ಒಳ್ಳೆಯದನ್ನೂ ಕೆಟ್ಟದ್ದನ್ನೂ ಮನೆಗೆ ತಂದು ಕಲಿತದ್ದನ್ನು ಹೊಸಬರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಸಂತೆ ನಡೆಯುವ ಸ್ಥಳದ ಹೆಸರು ಎನ್‌ಡಿಎಸ್‌ಎಂ. ಎರಡು ಹಡಗು ಕಂಪನಿಗಳು 1946ರಲ್ಲಿ ಒಂದಾದಾಗ ಹುಟ್ಟಿದ ಸಂಸ್ಥೆಯ ಹೆಸರು ಅದು. ಭಾರಿ ತೈಲವಾಹಕ ಹಡಗುಗಳು ಇಲ್ಲಿ ಸಿದ್ಧವಾಗುತ್ತಿದ್ದವು. ಉದ್ಯಮ ಸೋತು 1984ರಲ್ಲಿ ಅಂಗಳ ಮುಚ್ಚಿತು, ಕಟ್ಟಡಗಳು ಉಳಿದವು, ಅವುಗಳೊಳಗೆ ಕಲಾವಿದರು ಬಂದು ಸೇರಿಕೊಂಡರು. ಹಡಗಿನ ಭಾಗಗಳನ್ನು ಜೋಡಿಸಲೆಂದು ಕಟ್ಟಿದ ಆ ಎತ್ತರದ ಶೆಡ್ಡುಗಳಲ್ಲೇ ಈಗ ಅಕ್ಟೋಬರಿನಿಂದ ಮಾರ್ಚಿನವರೆಗೆ ಸಂತೆ ಸೇರುತ್ತದೆ. ಆಗ ಸುಮಾರು 500 ಮಳಿಗೆಗಳಿರುತ್ತವೆ. ಏಪ್ರಿಲಿನಿಂದ ಸಂತೆ ಹೊರಗಿನ ಬಯಲಿಗೆ ಬಂದಾಗ ಮಳಿಗೆಗಳು 750ರ ಹತ್ತಿರ ಹೋಗುತ್ತವೆ. ಯುರೋಪಿನಲ್ಲೇ ದೊಡ್ಡ ಹಳೇ ಸಾಮಾನಿನ ಸಂತೆ ತಮ್ಮದೆಂದು ನಡೆಸುವವರು ಹೇಳಿಕೊಳ್ಳುತ್ತಾರೆ. ನನಗೆ ಹೆಚ್ಚು ಇಷ್ಟವಾದದ್ದು ಒಳಗಿನ ಚಳಿಗಾಲದ ಸಂತೆ. ಮಳೆಯ ಭಯವಿಲ್ಲದ್ದರಿಂದ ಜನ ಪುಸ್ತಕ, ಬಟ್ಟೆ, ಹಳೆಯ ರೇಡಿಯೋ, ಕಾಗದದ ಭೂಪಟಗಳಂಥ ನೆನೆಯಬಾರದ ವಸ್ತುಗಳನ್ನು ಧೈರ್ಯವಾಗಿ ಹರಡುತ್ತಾರೆ.

ಹೋಗುವ ಮುನ್ನ

ಇದು ಶನಿವಾರ ಮತ್ತು ಭಾನುವಾರದ ಸಂತೆ ಎಂಬುದು ನಿಜವಾದರೂ ಪ್ರತಿ ವಾರ ನಡೆಯುವುದಿಲ್ಲ. ತಿಂಗಳಿಗೊಂದು ವಾರಾಂತ್ಯವೆಂದು ತಿಳಿದು, ದಿನಾಂಕವನ್ನು ಸಂತೆಯವರ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಬೇಕು. ದಿನಾಂಕ ನೋಡದೆ ಹೋಗಿ, ಗಾಳಿ ಬೀಸುವ ಖಾಲಿ ಅಂಗಳವನ್ನು ಕಂಡು ವಾಪಸಾದವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ. ಒಳಗೆ ಹೋಗಲು ಕೆಲವು ಯೂರೋಗಳ ಪ್ರವೇಶ ಶುಲ್ಕವಿದೆ.

ಆಮ್‌ಸ್ಟೆಲ್‌ವೇನ್ ಕಡೆಯವರು 25ನೇ ಟ್ರಾಮ್ ಹಿಡಿದು ಜೌಡ್ ನಿಲ್ದಾಣಕ್ಕೆ ಬಂದು, ಅಲ್ಲಿಂದ 52ನೇ ಮೆಟ್ರೋದಲ್ಲಿ ಸೆಂಟ್ರಾಲ್ ತಲುಪಬಹುದು. ಸೆಂಟ್ರಾಲ್ ನಿಲ್ದಾಣದ ಹಿಂಬದಿಗೆ, ಅಂದರೆ ನೀರಿನ ಕಡೆಗೆ ಹೊರಬಂದರೆ ದೋಣಿಗಟ್ಟೆಗಳು ಸಾಲಾಗಿ ಕಾಣುತ್ತವೆ. ಎನ್‌ಡಿಎಸ್‌ಎಂ ಎಂದು ಬರೆದಿರುವ ಫೆರಿಯನ್ನೇ ಹತ್ತಬೇಕು. ಪಕ್ಕದ ಫೆರಿ ಹತ್ತಿದರೆ ಎದುರಿನ ದಡದ ಬೇರೊಂದು ಮೂಲೆಯಲ್ಲಿ ಇಳಿದು ಬಹಳ ದೂರ ನಡೆಯಬೇಕಾಗುತ್ತದೆ. ಫೆರಿಗೆ ಟಿಕೆಟ್ ಇಲ್ಲ, ಸೈಕಲ್ಲಿಗೂ ದುಡ್ಡಿಲ್ಲ, ಪ್ರಯಾಣ ಸುಮಾರು ಕಾಲು ಗಂಟೆ. ಇಳಿಯುವ ಹೊತ್ತಿಗೆ ಈಗ ಹೋಟೆಲಾಗಿರುವ ಹಳೆಯ ಹಡಗುಕಟ್ಟೆಯ ಕ್ರೇನ್ ಮುಗಿಲಿಗೆ ಎದ್ದು ಕಾಣುತ್ತದೆ. ಬ್ರೆಜಿಲಿನ ಎಡುವಾರ್ಡೊ ಕೋಬ್ರಾ 2016ರಲ್ಲಿ ಬಿಡಿಸಿದ ಆನ್ ಫ್ರಾಂಕ್ ಅವರ ಬೃಹತ್ ಮುಖಚಿತ್ರವೂ ಅದೇ ಅಂಗಳದ ಒಂದು ಶೆಡ್ಡಿನ ಗೋಡೆಯ ಮೇಲಿದೆ. ಇಳಿದ ಮೇಲೆ ದಾರಿ ಕೇಳುವ ಅಗತ್ಯವಿಲ್ಲ, ಖಾಲಿ ಚೀಲ ಹಿಡಿದು ಬಿರುಸಾಗಿ ನಡೆಯುವ ಜನರ ಹಿಂದೆ ಹೋದರೆ ಸಾಕು.

ಒಳಗಿನ ಸಂತೆ ಎಂದ ಕೂಡಲೇ ಬೆಚ್ಚಗಿರುತ್ತದೆಂದು ಭಾವಿಸಬಾರದು. ಹಡಗು ಕಟ್ಟಲೆಂದು ಮಾಡಿದ ಶೆಡ್ಡಿನ ಚಾವಣಿ ತೀರ ಎತ್ತರ, ನೆಲ ಕಾಂಕ್ರೀಟಿನದು, ದೊಡ್ಡ ಬಾಗಿಲುಗಳಿಂದ ನೀರಿನ ಮೇಲಿನ ಗಾಳಿ ನೇರ ಒಳಗೆ ಬರುತ್ತದೆ. ಎರಡು ಗಂಟೆ ನಿಂತರೆ ತಣುಪು ಅಂಗಾಲಿನಿಂದ ಮೊಣಕಾಲಿಗೆ ಏರುತ್ತದೆ. ದಪ್ಪ ಅಟ್ಟೆಯ ಬೂಟು, ಉಣ್ಣೆಯ ಕಾಲುಚೀಲ, ಬೆರಳ ತುದಿ ಹೊರಗಿರುವ ಕೈಗವಸು ಇರಲಿ. ಬೆರಳ ತುದಿಯನ್ನು ಏಕೆ ಹೊರಗಿಡಬೇಕೆಂಬುದು ಮುಂದೆ ತಿಳಿಯುತ್ತದೆ.

ಚೀಲದಲ್ಲಿ ಇರಬೇಕಾದವು ಹೆಚ್ಚೇನಿಲ್ಲ. ಅಳತೆಯ ಟೇಪು, ಒಂದು ಸಣ್ಣ ಆಯಸ್ಕಾಂತ, ಚಿಕ್ಕ ಭೂತಗನ್ನಡಿ, ಮೊಬೈಲಿನ ಟಾರ್ಚು, ಸುತ್ತಲು ಹಳೆಯ ಪತ್ರಿಕೆ ಅಥವಾ ಪಂಚೆ, ಮತ್ತು ಮನೆಯ ಗೋಡೆ, ಮೂಲೆ, ಕಿಟಕಿಗಳ ಅಳತೆ ಬರೆದ ಚೀಟಿ. ಈ ಚೀಟಿ ಮರೆತು ಹೋದರೆ ಪುಸ್ತಕದ ಕಪಾಟನ್ನು ಕಣ್ಣಂದಾಜಿನಲ್ಲಿ ಕೊಂಡು, ಡಚ್ ಮನೆಗಳ ಕಡಿದಾದ ಕಿರಿದು ಮೆಟ್ಟಿಲಿನಲ್ಲಿ ಅದು ಹತ್ತದೆ ಪೇಚಾಡಬೇಕಾಗುತ್ತದೆ. ಹಣದ ವಿಷಯದಲ್ಲಿ ಐದು, ಹತ್ತರ ನೋಟುಗಳು ಮತ್ತು ಒಂದು, ಎರಡು ಯೂರೋ ನಾಣ್ಯಗಳು ಬೇಕು. ಹೆಚ್ಚಿನ ಮಾರಾಟಗಾರರು ತಮ್ಮ ಮನೆಯ ಸಾಮಾನು ತಂದ ಸಾಮಾನ್ಯ ಜನ, ಅವರಲ್ಲಿ ಕಾರ್ಡಿನ ಯಂತ್ರ ಇರುವುದಿಲ್ಲ. ಇಲ್ಲಿನ ಬ್ಯಾಂಕ್ ಖಾತೆ ಇದ್ದವರು ಟಿಕ್ಕಿ ಎಂಬ ಆ್ಯಪಿನ ಕೊಂಡಿಯ ಮೂಲಕ ಹಣ ಕಳಿಸಬಹುದು, ಆದರೆ ಐವತ್ತರ ನೋಟು ಚಾಚಿ ಮೂರು ಯೂರೋ ಚೌಕಾಸಿ ಮಾಡುವುದು ಚೆಂದವಲ್ಲ.

ಯಾವ ಹೊತ್ತಿಗೆ

ಆಯ್ಕೆ ಬೇಕಾದವರು ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುವ ಒಂಬತ್ತಕ್ಕೇ ಹೋಗಬೇಕು, ಬೆಲೆ ಇಳಿಯಬೇಕಾದವರು ಭಾನುವಾರ ಮಧ್ಯಾಹ್ನ ಮೂರರ ನಂತರ ಹೋಗಬೇಕು. ಹಳೆಯ ವಸ್ತುಗಳ ವ್ಯಾಪಾರಿಗಳು ಮೊದಲ ಗಂಟೆಯಲ್ಲೇ ಬಂದು ಬೆಳ್ಳಿ, ದೀಪ, ಹೆಸರುವಾಸಿ ಕುರ್ಚಿಗಳನ್ನು ಎತ್ತಿಕೊಂಡು ಹೋಗುತ್ತಾರೆ. ಅವರೊಂದಿಗೆ ಪೈಪೋಟಿ ಬೇಡ. ಮನೆಗೆ ಬೇಕಾದ ಪಾತ್ರೆ, ಮಕ್ಕಳ ಚಳಿಕೋಟು, ತಟ್ಟೆ, ಹಾಸುಗಂಬಳಿಗಳ ಮೇಲೆ ಅವರಿಗೆ ಕಣ್ಣಿಲ್ಲ. ಭಾನುವಾರ ಸಂಜೆ ನಾಲ್ಕರ ಸುಮಾರಿಗೆ, ಉಳಿದದ್ದನ್ನು ಮತ್ತೆ ವ್ಯಾನಿಗೆ ತುಂಬುವ ಬೇಸರದಲ್ಲಿ ಮಾರಾಟಗಾರರು ಒಂದು ಪೆಟ್ಟಿಗೆ ಪೂರ್ತಿ ಐದು ಯೂರೋಗೆ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಆದರೆ ಆ ಹೊತ್ತಿನ ಫೆರಿಯಲ್ಲಿ ಗುಂಪು ಬಹಳ, ಮಂಚವೋ ಮೇಜೋ ಹೊತ್ತವರಿಗೆ ಎರಡು ಫೆರಿ ಬಿಟ್ಟು ಮೂರನೆಯದು ಸಿಗುತ್ತದೆ.

ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳದೆ ಎಲ್ಲ ಸಾಲುಗಳನ್ನೂ ಒಮ್ಮೆ ನಡೆದು ನೋಡುವುದು ಒಳ್ಳೆಯದೆಂದು ಹಲವರು ಹೇಳುತ್ತಾರೆ. ತಟ್ಟೆ, ಬಟ್ಟೆಗಳಿಗೆ ಇದು ಸರಿ. ಒಂದೇ ಒಂದಿರುವ ವಸ್ತುವಿಗೆ ಸರಿಯಲ್ಲ. ಮನಸ್ಸಿಗೆ ಹಿಡಿಸಿ, ಪರೀಕ್ಷೆಯಲ್ಲೂ ಗೆದ್ದದ್ದನ್ನು ಆಗಲೇ ಕೊಳ್ಳಬೇಕು, ಇಲ್ಲವೇ ಮರೆತುಬಿಡಬೇಕು.

ಕೊಳ್ಳುವ ಮೊದಲಿನ ಪರೀಕ್ಷೆ

ಈ ಬರಹದ ಜೀವಾಳ ಇದೇ. ಕೆಲವು ವರ್ಷಗಳ ಹಿಂದೆ ಶಿವಮೊಗ್ಗದಿಂದ ಅಮ್ಮ ಬಂದಿದ್ದಾಗ ನವೆಂಬರಿನ ಸಂತೆಗೆ ಕರೆದುಕೊಂಡು ಹೋಗಿದ್ದೆ. ಡಚ್ ಭಾಷೆಯ ಒಂದು ಶಬ್ದವೂ ಗೊತ್ತಿಲ್ಲದ ಅವರು ಹತ್ತು ನಿಮಿಷದಲ್ಲಿ ಸಂತೆಯನ್ನು ನನಗಿಂತ ಚೆನ್ನಾಗಿ ಓದಿಕೊಂಡರು. ನಾನು ಆರು ಊಟದ ತಟ್ಟೆಗಳಿಗೆ ಹಣ ಕೊಡಲು ಹೊರಟಾಗ ತಡೆದು, ಒಂದೊಂದನ್ನೇ ಎಡಗೈಯ ಮೂರು ಬೆರಳ ತುದಿಯ ಮೇಲೆ ನಿಲ್ಲಿಸಿಕೊಂಡು ಬಲಗೈಯ ಬೆರಳ ಗೆಣ್ಣಿನಿಂದ ಅಂಚಿಗೆ ತಟ್ಟಿದರು. ನಾಲ್ಕು ಠಣ್ ಎಂದು ಎಳೆದು ದನಿ ಕೊಟ್ಟವು, ಎರಡು ಟಕ್ ಎಂದು ಸತ್ತವು. "ಇವೆರಡು ಒಡೆದಿವೆ ಕಣೋ. ಮಡಕೆ ಕೊಳ್ಳೋವಾಗ ಬಡಿದು ನೋಡಲ್ವಾ?" ಎಂದರು. ಬೆಳಕಿಗೆ ಹಿಡಿದು ನೋಡಿದಾಗ ಎರಡರಲ್ಲೂ ಕೂದಲೆಳೆಯಂಥ ಬಿರುಕಿತ್ತು. ಅಂದಿನಿಂದ ಪಿಂಗಾಣಿಯನ್ನು ನಾನು ತಟ್ಟಿ, ಮಗುಚಿ, ಅಂಚಿನ ಸುತ್ತ ಬೆರಳಾಡಿಸಿಯೇ ಕೊಳ್ಳುತ್ತೇನೆ. ಚುಕ್ಕಿಯಷ್ಟು ಮುಕ್ಕಾದದ್ದು ಕಣ್ಣಿಗೆ ಕಾಣದಿದ್ದರೂ ಬೆರಳ ತುದಿಗೆ ಸಿಗುತ್ತದೆ. ಕೈಗವಸಿನ ಮಾತು ಹೇಳಿದ್ದು ಅದಕ್ಕೆ.

ಮಗುಚಿದಾಗ ಏನು ಕಾಣಬೇಕು? ಮಾಸ್ಟ್ರಿಕ್ಟ್ ಊರಿನ ಕಾರ್ಖಾನೆಗಳು ಮಾಡಿದ ತಟ್ಟೆ, ಬೋಗುಣಿಗಳ ತಳದಲ್ಲಿ ಪೆಟ್ರುಸ್ ರೆಗೌಟ್ ಎಂಬ ಹೆಸರೋ ಸ್ಫಿಂಕ್ಸ್ ಚಿತ್ರವೋ ಇರುತ್ತದೆ. ಇವು ಈ ಸಂತೆಯಲ್ಲಿ ಸುಲಭವಾಗಿ ಸಿಗುತ್ತವೆ, ಗಟ್ಟಿಮುಟ್ಟಾಗಿವೆ. ನೀಲಿ-ಬಿಳಿ ಡೆಲ್ಫ್ಟ್ ವಸ್ತುಗಳ ವಿಷಯದಲ್ಲಿ ಮಾತ್ರ ಅವಸರ ಬೇಡ. ತಳದಲ್ಲಿ ಡೆಲ್ಫ್ಟ್ ಎಂದೂ ಕೈಯಿಂದ ಬಿಡಿಸಿದ್ದೆಂದೂ ಬರೆದಿರುವ ಬಹುಪಾಲು ವಸ್ತುಗಳು ಪ್ರವಾಸಿಗರಿಗಾಗಿ ಮಾಡಿದವು. ಡೆಲ್ಫ್ಟ್ ಊರಿನಲ್ಲಿ 1653ರಿಂದ ಇರುವ ಪೋರ್ಸಲೇನೆ ಫ್ಲೆಸ್ ಕಾರ್ಖಾನೆಯ ಕೆಲಸವಾದರೆ ತಳದಲ್ಲಿ ಚಿಕ್ಕದೊಂದು ಹೂಜಿಯ ಚಿತ್ರ, ಅದರ ಕೆಳಗೆ ಹೆಣೆದುಕೊಂಡ ಎರಡು ಅಕ್ಷರಗಳು, ಓಡುಬರಹದಲ್ಲಿ ಊರಿನ ಹೆಸರು, ಜೊತೆಗೆ ತಯಾರಾದ ವರ್ಷವನ್ನು ಸೂಚಿಸುವ ಅಕ್ಷರ ಇರುತ್ತವೆ. ಭೂತಗನ್ನಡಿಯಲ್ಲಿ ನೋಡಿದಾಗ ನೀಲಿ ಬಣ್ಣ ಒಂದೆಡೆ ದಟ್ಟ, ಒಂದೆಡೆ ತೆಳುವಾಗಿ ಕುಂಚದ ಜಾಡು ಕಂಡರೆ ಅದು ಕೈಕೆಲಸ. ಎಲ್ಲೆಡೆ ಒಂದೇ ಸಮನಾದ ಸಣ್ಣ ಚುಕ್ಕಿಗಳು ಕಂಡರೆ ಅಚ್ಚು. ಹಳೆಯ ಗೋಡೆ ಹೆಂಚುಗಳು ಸುಮಾರು 13 ಸೆಂಟಿಮೀಟರ್ ಚೌಕ. ಮೂಲೆಗಳಲ್ಲಿ ಮೆರುಗಿನ ಕೆಳಗೆ ಮೊಳೆಯ ಸಣ್ಣ ಗುರುತುಗಳು, ಹಿಂದುಗಡೆ ಗಾರೆಯ ಕಲೆ ಇರುತ್ತವೆ.

ಇಲ್ಲೊಂದು ಎಚ್ಚರಿಕೆಯನ್ನು ನಮ್ಮ ಅಡುಗೆಯವರು ಮನಸ್ಸಿನಲ್ಲಿಡಬೇಕು. ಹಳೆಯ ಪಿಂಗಾಣಿಯ ಮೆರುಗಿನಲ್ಲಿ ಸೀಸ ಇರಬಹುದು, ಹುಳಿ ಅದನ್ನು ಹೊರಕ್ಕೆಳೆಯುತ್ತದೆ. ಡಚ್ಚರು ಬಿಸ್ಕತ್ತು ಇಡುತ್ತಿದ್ದ ಭರಣಿಯಲ್ಲಿ ನಾವು ಮಾವಿನಕಾಯಿ ಉಪ್ಪಿನಕಾಯಿ ತುಂಬಿ ಒಂದು ವರ್ಷ ಇಟ್ಟರೆ ಕತೆಯೇ ಬೇರೆ. ಉಪ್ಪಿನಕಾಯಿಗೆ, ಹುಣಸೆಯ ಗೊಜ್ಜಿಗೆ, ಮೊಸರಿಗೆ ಹಳೆಯ ಬಣ್ಣದ ಭರಣಿ ಬೇಡವೇ ಬೇಡ. ತಾಮ್ರ, ಹಿತ್ತಾಳೆಯ ಪಾತ್ರೆಗಳೂ ಹಾಗೆಯೇ. ಅವುಗಳ ಒಳಗೆ ಟಾರ್ಚು ಬಿಟ್ಟು ಕಲಾಯಿ ಇದೆಯೇ ನೋಡಿ. ಬೂದುಬಿಳಿ ಪದರ ಸವೆದು ಕೆಂಪೋ ಹಳದಿಯೋ ಇಣುಕುತ್ತಿದ್ದರೆ ಅದು ಹೂಕುಂಡಕ್ಕೆ ಸರಿ, ಸಾರಿಗೆ ಅಲ್ಲ. ಕಲಾಯಿ ಹಾಕುವವರು ನಮ್ಮೂರಲ್ಲೇ ಅಪರೂಪವಾಗಿದ್ದಾರೆ, ಇಲ್ಲಿ ಅವರನ್ನು ಹುಡುಕಿ ಕೊಡುವ ಕೂಲಿ ಪಾತ್ರೆಯ ಬೆಲೆಗಿಂತ ಹೆಚ್ಚು.

ಆಯಸ್ಕಾಂತಕ್ಕೆ ಎರಡು ಕೆಲಸ. ಬಾಣಲೆ, ಪಾತ್ರೆಯ ತಳಕ್ಕೆ ಅದು ಗಟ್ಟಿಯಾಗಿ ಅಂಟಿದರೆ ಇಂಡಕ್ಷನ್ ಒಲೆಯ ಮೇಲೆ ಕೆಲಸ ಮಾಡುತ್ತದೆ. ಹಿತ್ತಾಳೆಯೆಂದು ಹೇಳಿದ ದೀಪಕ್ಕೆ ಅಂಟಿದರೆ ಅದು ಮೇಲೆ ಹಿತ್ತಾಳೆಯ ಬಣ್ಣ ಹೊತ್ತ ಕಬ್ಬಿಣ. ಬೆಳ್ಳಿಯ ಚಮಚಕ್ಕೆ ಆಯಸ್ಕಾಂತ ಸಾಲದು, ಮುದ್ರೆಯನ್ನೇ ಓದಬೇಕು. 1953ರಿಂದೀಚಿನ ಡಚ್ ಬೆಳ್ಳಿಯ ಮೇಲೆ ಸಿಂಹದ ಜೊತೆ 1 ಎಂದಿದ್ದರೆ ಸಾವಿರಕ್ಕೆ 925 ಭಾಗ, 2 ಎಂದಿದ್ದರೆ 835 ಭಾಗ ಬೆಳ್ಳಿ. ಬರಿಯ 90 ಅಥವಾ 100 ಎಂಬ ಅಂಕಿ ಕಂಡು ಹಿಗ್ಗಬಾರದು, ಅದು ಲೇಪನದ ಪ್ರಮಾಣ. ಒಳಗಿರುವುದು ಬೇರೆ ಲೋಹ.

ಬಟ್ಟೆಯನ್ನು ಬೆಳಕಿಗೆ ಅಡ್ಡ ಹಿಡಿಯಬೇಕು, ಉಣ್ಣೆಯಲ್ಲಿ ನುಸಿ ಕೊರೆದ ತೂತುಗಳು ಆಗ ನಕ್ಷತ್ರದಂತೆ ಕಾಣುತ್ತವೆ. ಜಿಪ್ಪನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಎಳೆಯಿರಿ. ಮರದ ಪೀಠೋಪಕರಣಗಳ ಸಂದುಗಳಲ್ಲಿ ಕಪ್ಪು ಚುಕ್ಕಿಗಳಿದ್ದರೆ ತಿಗಣೆ, ಕೆಳಗೆ ಹೊಸ ಮರದ ಹುಡಿ ಉದುರುತ್ತಿದ್ದರೆ ಹುಳು. ಎರಡರಲ್ಲಿ ಯಾವುದಿದ್ದರೂ ಬೆಲೆ ಎಷ್ಟೇ ಕಡಿಮೆಯಾಗಲಿ ಮುಂದೆ ನಡೆಯಿರಿ. ದೀಪಗಳ ತಂತಿಗೆ ಬಟ್ಟೆಯ ಹೊದಿಕೆ ಇದ್ದು ಅದು ಪುಡಿಯಾಗುತ್ತಿದ್ದರೆ, ಹೊಸ ತಂತಿಯ ಖರ್ಚನ್ನೂ ಬೆಲೆಗೆ ಸೇರಿಸಿ ಯೋಚಿಸಬೇಕು. ಒಮ್ಮೆ ಈ ಲೆಕ್ಕ ಹಾಕದೆ ತಂದ ಮೇಜಿನ ದೀಪ ನಮ್ಮ ಮನೆಯ ಫ್ಯೂಸನ್ನು ರಾತ್ರಿ ಊಟದ ಹೊತ್ತಿನಲ್ಲಿ ಹಾರಿಸಿತು.

ಎರಡು ವಸ್ತುಗಳನ್ನು ಇಲ್ಲಿ ಕೊಳ್ಳಲೇಬೇಡಿ: ಕಾರಿನಲ್ಲಿ ಮಗುವನ್ನು ಕೂರಿಸುವ ಆಸನ ಮತ್ತು ಹೆಲ್ಮೆಟ್. ಒಮ್ಮೆ ಅಪಘಾತದಲ್ಲಿ ಪೆಟ್ಟು ತಿಂದಿದ್ದರೆ ಹೊರಗೆ ಗುರುತಿಲ್ಲದೆಯೂ ಒಳಗೆ ಕೆಟ್ಟಿರಬಹುದು, ಅದರ ಹಿಂದಿನ ಬದುಕನ್ನು ಕಂಡವರು ಯಾರೂ ನಿಮ್ಮೆದುರು ಇರುವುದಿಲ್ಲ. ಸೈಕಲ್ ಕೊಳ್ಳುವವರು ಚೌಕಟ್ಟಿನ ಸಂಖ್ಯೆಯನ್ನು ಹುಡುಕಿ, ಡಚ್ ಪೊಲೀಸರ ಸ್ಟಾಪ್‌ಹೇಲಿಂಗ್ ಎಂಬ ಆ್ಯಪಿನಲ್ಲಿ ಹಾಕಿ ನೋಡಬೇಕು. ಸಂಖ್ಯೆಯನ್ನು ಉಜ್ಜಿ ಅಳಿಸಿದ್ದರೆ ಆ ಕ್ಷಣವೇ ಬಿಟ್ಟುಬಿಡಿ. ಕದ್ದ ಮಾಲೆಂದು ಗೊತ್ತಿದ್ದು ಕೊಳ್ಳುವುದು ಮಾತ್ರವಲ್ಲ, ಅನುಮಾನ ಬರಬೇಕಾದ ಕಡೆ ಅನುಮಾನಿಸದೆ ಕೊಳ್ಳುವುದೂ ಇಲ್ಲಿನ ಕಾನೂನಿನಲ್ಲಿ ಅಪರಾಧ. ಗೊತ್ತಿರಲಿಲ್ಲ ಎಂಬ ಮಾತು ಸಾಲುವುದಿಲ್ಲ.

ಬೆಲೆ ಕೇಳುವ ಬಗೆ

ಮೊದಲು ನಮಸ್ಕಾರ ಹೇಳಬೇಕು. "ಖೂದೆಮೋರ್ಖೆನ್" ಎಂದು ಶುಭೋದಯ ಹೇಳಿ ಶುರು ಮಾಡಿದರೆ ಮುಂದಿನ ಮಾತು ಇಂಗ್ಲಿಷಿನಲ್ಲಿ ನಡೆದರೂ ಧ್ವನಿ ಮೃದುವಾಗಿರುತ್ತದೆ. ಹಿರಿಯ ಹೆಂಗಸರನ್ನು "ಮೆವ್ರೌ", ಗಂಡಸರನ್ನು "ಮೆನೇರ್" ಎಂದು ಕರೆದು, "ವಾಟ್ ಫ್ರಾಖ್ಟ್ ಊ ಎರ್‌ಫೋರ್?", ಅಂದರೆ ಇದಕ್ಕೆ ನೀವು ಎಷ್ಟು ಕೇಳುತ್ತೀರಿ ಎಂದು ಕೇಳಬಹುದು, ಇಲ್ಲಿನ "ಊ" ನಮ್ಮ "ನೀವು" ಇದ್ದಂತೆ. ನಮ್ಮ ಸಂತೆಯ ಹಾಗೆ ಹೇಳಿದ ಬೆಲೆಯ ಕಾಲುಭಾಗಕ್ಕೆ ಕೇಳುವುದು, ಮುಖ ತಿರುಗಿಸಿ ಹೊರಟಂತೆ ಮಾಡುವುದು ಇಲ್ಲಿ ನಡೆಯುವುದಿಲ್ಲ, ಅದನ್ನು ಅವಮಾನವೆಂದು ತಿಳಿಯುತ್ತಾರೆ. ಹತ್ತು ಹೇಳಿದರೆ ಏಳು ಕೇಳಿ ಎಂಟಕ್ಕೆ ಮುಗಿಸುವುದು ಇಬ್ಬರಿಗೂ ಒಪ್ಪುವ ದಾರಿ. ಒಂದೇ ಮಳಿಗೆಯಿಂದ ಮೂರು ನಾಲ್ಕು ವಸ್ತುಗಳನ್ನು ಒಟ್ಟು ಮಾಡಿ ಕೇಳಿದರೆ ಬೆಲೆ ಹೆಚ್ಚು ಇಳಿಯುತ್ತದೆ. ಕಂಡ ದೋಷವನ್ನು ಸದ್ದಿಲ್ಲದೆ ತೋರಿಸಿ, ವಸ್ತುವನ್ನು ಹೀಗಳೆಯಬೇಡಿ. ಅದು ಅವರ ತಾಯಿಯ ಅಡುಗೆಮನೆಯಿಂದ ಬಂದದ್ದಿರಬಹುದು.

ಅಂದು ಅಮ್ಮ ಆರಿಸಿದ್ದು ಗೋಡೆಗೆ ತಗುಲಿಸುವ ಹಳೆಯ ಕಾಫಿ ಬೀಸುವ ಯಂತ್ರ. ಮೇಲೆ ನೀಲಿ ಚಿತ್ರದ ಪಿಂಗಾಣಿ ಡಬ್ಬಿ, ಪಕ್ಕದಲ್ಲಿ ಮರದ ಗುಂಡಿನ ಹಿಡಿಕೆ, ಕೆಳಗೆ ಪುಡಿ ಬೀಳುವ ಗಾಜಿನ ಬಟ್ಟಲು. ಹಿಡಿಕೆ ತಿರುಗಿಸಿದಾಗ ಹಲ್ಲುಗಳು ಒಂದಕ್ಕೊಂದು ತಾಗುವ ಸಣ್ಣ ಗರಗರ ಸದ್ದಾಯಿತು, ಹಳಸಿದ ಕಾಫಿಯ ಎಣ್ಣೆವಾಸನೆ ಬಂತು. ಈ ಯಂತ್ರಗಳಲ್ಲಿ ಗಾಜಿನ ಬಟ್ಟಲು ಮೂಲದ್ದೇ ಇರುವುದು ಅಪರೂಪ. ಅದಿಲ್ಲದಿದ್ದರೆ ಬೆಲೆ ಅರ್ಧವಾಗಬೇಕು. ಮಾರುತ್ತಿದ್ದ ಅಜ್ಜಿ ಇಪ್ಪತ್ತೈದು ಹೇಳಿದರು. ಇದು ಗೂಡಿನಲ್ಲಿಡಲಿಕ್ಕಲ್ಲ, ಚಿಕ್ಕಮಗಳೂರಿನ ಬೀಜವನ್ನು ದಿನವೂ ಬೀಸಲಿಕ್ಕೆ ಎಂದು ಅಮ್ಮನ ಮಾತನ್ನು ನಾನು ಅನುವಾದಿಸಿ ಹೇಳಿದೆ. ಅವರು ಅಮ್ಮನ ಮುಖ ನೋಡಿ ಹದಿನೆಂಟಕ್ಕೆ ಇಳಿದು, ಬಟ್ಟಲನ್ನು ತಾವೇ ಎರಡು ಪದರ ಪತ್ರಿಕೆಯಲ್ಲಿ ಸುತ್ತಿಕೊಟ್ಟರು.

ಮಾರಲು ಕೂರುವವರಿಗೆ

ಊರಿಗೆ ಮರಳುವ ಮುನ್ನ ಮನೆ ಖಾಲಿ ಮಾಡುವವರಿಗೆ ಇದೇ ಸಂತೆ ಒದಗಿಬರುತ್ತದೆ. ಮಳಿಗೆಯನ್ನು ಜಾಲತಾಣದಲ್ಲಿ ಮುಂಗಡವಾಗಿ ಕಾದಿರಿಸಬೇಕು. ಚಳಿಗಾಲದ ಒಳಗಿನ ಜಾಗಗಳು ಬೇಗ ತುಂಬುತ್ತವೆ. ಮೇಜಿಗೆ ಹಾಸಲು ಬಟ್ಟೆ, ಬಟ್ಟೆ ಮಾರುವವರಾದರೆ ತೂಗುಹಾಕುವ ಸ್ಟ್ಯಾಂಡು ಮತ್ತು ಒಂದು ಕನ್ನಡಿ, ಕೂರಲು ಸ್ಟೂಲು, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ, ಮತ್ತು ಕನಿಷ್ಠ ಐವತ್ತು ಯೂರೋ ಚಿಲ್ಲರೆ ಇರಲಿ. ಬೆಲೆಯನ್ನು ಚೀಟಿಯಲ್ಲಿ ಬರೆದು ಅಂಟಿಸಿದರೆ ಸಂಕೋಚದವರೂ ಕೊಳ್ಳುತ್ತಾರೆ. ಕೊಂಡದ್ದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನಿರೀಕ್ಷಿಸಬಾರದು. ಉಳಿದದ್ದನ್ನು ಅಲ್ಲೇ ಬಿಟ್ಟು ಬರಬೇಡಿ. ಕ್ರಿಂಗ್‌ಲೋಪ್ ಎಂದು ಕರೆಯುವ ಮರುಬಳಕೆಯ ಅಂಗಡಿಗಳು ಬಹುತೇಕ ಎಲ್ಲ ಊರಿನಲ್ಲೂ ಇವೆ, ಅವರು ತೆಗೆದುಕೊಳ್ಳುತ್ತಾರೆ. ಮೊದಲು ಕೈ ಪಳಗಿಸಿಕೊಳ್ಳಲು ಬಯಸುವವರಿಗೆ ಏಪ್ರಿಲ್ 27ರ ರಾಜನ ದಿನ ಒಳ್ಳೆಯ ಅವಕಾಶ. ಅಂದು ಮಕ್ಕಳು ಕೂಡ ಬೀದಿಯಲ್ಲಿ ಕಂಬಳಿ ಹಾಸಿ ಆಟಿಕೆ ಮಾರುತ್ತಾರೆ.

ಮನೆಗೆ ತಂದ ಮೇಲೆ

ಉಣ್ಣೆಯ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ನುಸಿಯ ಮೊಟ್ಟೆಗಳು ಸಾಯುತ್ತವೆ. ಉಳಿದ ಬಟ್ಟೆಯನ್ನು ಕಪಾಟಿಗೆ ಸೇರಿಸುವ ಮೊದಲು ತಾಳುವಷ್ಟು ಬಿಸಿನೀರಿನಲ್ಲಿ ಒಗೆಯಿರಿ. ಹಿತ್ತಾಳೆಗೆ ಹುಣಸೆಹಣ್ಣು, ಉಪ್ಪು ಸಾಕು, ಆದರೆ ಮೇಲೆ ಮೆರುಗೆಣ್ಣೆ ಬಳಿದಿದ್ದರೆ ಉಜ್ಜಬೇಡಿ. ಕಾಫಿ ಯಂತ್ರದ ಹಲ್ಲುಗಳನ್ನು ಒಣ ಬ್ರಷ್ಷಿನಿಂದ ತಿಕ್ಕಿ, ಒಂದು ಹಿಡಿ ಒಣ ಅಕ್ಕಿ ಬೀಸಿ ಆ ಹಿಟ್ಟನ್ನು ಚೆಲ್ಲಬೇಕು. ಹಿಟ್ಟು ಕಂದು ಬಣ್ಣ ಬಿಟ್ಟು ಬಿಳಿಯಾಗಿ ಬರುವವರೆಗೆ ಎರಡು ಮೂರು ಸಲ ಹೀಗೆ ಮಾಡಬೇಕು. ನೀರು ತಾಗಿಸಿದರೆ ತುಕ್ಕು ಹಿಡಿಯುತ್ತದೆ. ಅದನ್ನು ತಗುಲಿಸುವಾಗ ಇಟ್ಟಿಗೆಯ ಗೋಡೆಯನ್ನೇ ಆರಿಸಿ ಎರಡು ಉದ್ದದ ತಿರುಪುಮೊಳೆ ಹಾಕಿಸಿ. ಹಿಡಿಕೆ ತಿರುಗಿಸುವಾಗ ಯಂತ್ರ ಇಡಿಯಾಗಿ ಮುಂದಕ್ಕೆ ಎಳೆಯುತ್ತದೆ, ಹಲಗೆಯ ತೆಳುಗೋಡೆಯಲ್ಲಿ ಒಂದು ತಿಂಗಳಲ್ಲೇ ಮೊಳೆ ಸಡಿಲವಾಗುತ್ತದೆ.